ಹಲ್ಲಿನ ಕ್ಲಿಪ್ ಸುತ್ತ ಬಿಳಿ ಕಲೆ: ಫ್ಲೋರೈಡ್ ಎಷ್ಟು ಕಾಯುತ್ತದೆ, ಲೇಸರ್ ಎಷ್ಟು?

ಹಲ್ಲು ಸಾಲಾಗಿ ಕೂರಲೆಂದು ಒಂದೂವರೆ, ಎರಡು ವರ್ಷ ಕ್ಲಿಪ್ ಹಾಕಿಸಿಕೊಂಡ ಮಕ್ಕಳಲ್ಲಿ ಹಲವರಿಗೆ ಅದನ್ನು ಬಿಚ್ಚಿದ ದಿನ ಒಂದು ಬೇಸರ ಕಾದಿರುತ್ತದೆ. ಹಲ್ಲು ನೇರವಾಗಿರುತ್ತದೆ. ಆದರೆ ಬ್ರಾಕೆಟ್ ಅಂಟಿಸಿದ್ದ ಜಾಗದ ಸುತ್ತ ಸುಣ್ಣ ಬಳಿದಂತೆ ಬಿಳಿ ಕಲೆ ಉಳಿದಿರುತ್ತದೆ. ನಕ್ಕಾಗ ಎದ್ದು ಕಾಣುವ ಮುಂದಿನ ಹಲ್ಲುಗಳಲ್ಲೇ ಇದು ಹೆಚ್ಚು.

ಈ ಕಲೆ ತಡೆಯಲು ದಂತವೈದ್ಯರು ಫ್ಲೋರೈಡ್ ಹಚ್ಚುತ್ತಾರೆ. ಈಚೆಗೆ ‘ಲೇಸರ್‌ನಿಂದ ಹಲ್ಲು ಗಟ್ಟಿ ಮಾಡಿಸಬಹುದು’ ಎಂಬ ಮಾತೂ ಕೇಳಿಬರುತ್ತಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಮನೆಗಳಿಗೆ ಇದರ ಜೊತೆ ಇನ್ನೆರಡು ವಿಷಯ ಸೇರಿಕೊಳ್ಳುತ್ತವೆ. ಒಂದು, ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಇರುವ ಭಯ. ಇನ್ನೊಂದು, ಕೈಗೆಟುಕುವಲ್ಲೇ ಇರುವ ಕಬ್ಬು, ಬೆಲ್ಲ. ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಯಾವುದು ನಿಜಕ್ಕೂ ಹಲ್ಲು ಕಾಯುತ್ತದೆ ಎಂದು ಈ ಬರಹದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಕ್ಲಿಪ್ ಸುತ್ತಲಿನ ಬಿಳಿ ಕಲೆ ಎಂದರೆ ಹಲ್ಲು ಹುಳುಕಾಗುವ ಮೊದಲ ಹಂತ. ಇದನ್ನು ತಡೆಯಬಹುದು.
• ದಿನಕ್ಕೆರಡು ಬಾರಿ ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜುವುದೇ ಅಡಿಪಾಯ. ಆಸ್ಪತ್ರೆಯಲ್ಲಿ ಹಚ್ಚುವ ಫ್ಲೋರೈಡ್ ಅದರ ಮೇಲಿನ ಹೆಚ್ಚುವರಿ ರಕ್ಷಣೆ.
• ಲೇಸರ್ ಎನಾಮೆಲ್‌ಗೆ ಆಮ್ಲ ತಡೆಯುವ ಶಕ್ತಿ ಹೆಚ್ಚಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡಿದೆ. ರೋಗಿಗಳ ಮೇಲಿನ ಅಧ್ಯಯನ ಇನ್ನೂ ಕಡಿಮೆ. ಅದು ಬ್ರಷ್‌ಗೆ ಬದಲಿಯಲ್ಲ.
• ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಬದಲಿಸಬೇಕಾದ್ದು ನೀರನ್ನು, ಪೇಸ್ಟನ್ನಲ್ಲ.

ಬಿಳಿ ಕಲೆ ಹೇಗೆ ಆಗುತ್ತದೆ?

ಹಲ್ಲಿನ ಹೊರಪದರ ಎನಾಮೆಲ್. ತೂಕದಲ್ಲಿ ಅದರ ಸುಮಾರು 96 ಭಾಗ ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಹರಳು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ. ಆದರೆ ಇದರಲ್ಲಿ ಜೀವಕೋಶಗಳಿಲ್ಲದ ಕಾರಣ, ಚರ್ಮದ ಗಾಯ ಮಾಯುವಂತೆ ಹೊಸ ಎನಾಮೆಲ್ ಬೆಳೆಯುವುದಿಲ್ಲ.

ಹಲ್ಲಿನ ಮೇಲೆ ಕೂರುವ ಅಂಟು ಪದರವಾದ ಪ್ಲಾಕ್‌ನಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ನಾವು ಸಿಹಿ ತಿಂದಾಗ ಅವು ಅದನ್ನು ಆಮ್ಲವಾಗಿ ಬದಲಿಸುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಮುಂದಿನ ಅರ್ಧ, ಒಂದು ಗಂಟೆಯಲ್ಲಿ ಜೊಲ್ಲು ಆ ಆಮ್ಲವನ್ನು ತಣಿಸಿ ಖನಿಜವನ್ನು ಹಲ್ಲಿಗೆ ಮರಳಿಸುತ್ತದೆ. ಕರಗುವುದು, ತುಂಬುವುದು ದಿನವಿಡೀ ನಡೆಯುವ ಲೆಕ್ಕಾಚಾರ. ಕರಗುವುದೇ ಹೆಚ್ಚಾದಾಗ ಮೇಲ್ಮೈ ಕೆಳಗೆ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಅಲ್ಲಿ ಬೆಳಕು ಚೆದುರಿ ಹಲ್ಲು ಸುಣ್ಣದ ಬಿಳಿಯಾಗಿ ಕಾಣುತ್ತದೆ.

ಕ್ಲಿಪ್ ಹಾಕಿದಾಗ ಈ ಲೆಕ್ಕ ಬೇಗ ತಪ್ಪುತ್ತದೆ. ಬ್ರಾಕೆಟ್, ತಂತಿ, ರಬ್ಬರ್ ರಿಂಗ್‌ಗಳ ಸಂದಿಯಲ್ಲಿ ಅನ್ನದಗುಳು, ಅಂಟು ತಿಂಡಿ ಸಿಕ್ಕಿಕೊಳ್ಳುತ್ತದೆ. ಬ್ರಷ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಜೊಲ್ಲು ಹರಿದು ತೊಳೆಯುವುದೂ ಕಡಿಮೆ. ಬ್ರಾಕೆಟ್ ಮತ್ತು ವಸಡಿನ ನಡುವಿನ ಸಣ್ಣ ಪಟ್ಟಿಯಲ್ಲಿ ಕಲೆ ಹೆಚ್ಚಾಗಲು ಇದೇ ಕಾರಣ. ಸರಿಯಾಗಿ ಉಜ್ಜದಿದ್ದರೆ ಕ್ಲಿಪ್ ಹಾಕಿದ ಸುಮಾರು 4 ವಾರಗಳಲ್ಲೇ ಕಣ್ಣಿಗೆ ಕಾಣುವ ಕಲೆ ಮೂಡಬಹುದು ಎಂದು 1980ರ ದಶಕದ ಅಧ್ಯಯನಗಳು ತೋರಿಸಿದ್ದವು. ನಾಲ್ಕು ವಾರ ಎಂದರೆ ಒಂದು ಭೇಟಿಯಿಂದ ಮುಂದಿನ ಭೇಟಿಗೆ ಇರುವಷ್ಟು ಅಂತರ. 1982ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖವಾಗುವ ಅಮೆರಿಕದ ಅಧ್ಯಯನದಲ್ಲಿ ಕ್ಲಿಪ್ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ಹಲ್ಲಿನಲ್ಲಾದರೂ ಬಿಳಿ ಕಲೆ ಇತ್ತು. ಕ್ಲಿಪ್ ಹಾಕದವರಲ್ಲಿ ಅದು ಸುಮಾರು ಕಾಲು ಭಾಗದಷ್ಟಿತ್ತು.

ಎಲ್ಲ ಬಿಳಿ ಕಲೆಯೂ ಕ್ಲಿಪ್‌ನಿಂದ ಬಂದದ್ದಲ್ಲ

ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಕಲೆ ಇರುತ್ತದೆ. ಇದು ದಂತ ಫ್ಲೋರೋಸಿಸ್. ಎರಡನ್ನೂ ಗುರುತಿಸುವುದು ಕಷ್ಟವಲ್ಲ.

• ಫ್ಲೋರೋಸಿಸ್ ಕಲೆ ಹಲ್ಲು ಹುಟ್ಟಿದಾಗಿನಿಂದಲೇ ಇರುತ್ತದೆ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಕಾಣುತ್ತದೆ. ಅಡ್ಡ ಗೆರೆ ಅಥವಾ ಮೋಡದಂತೆ ಹಲ್ಲಿನ ತುಂಬ ಹರಡಿರುತ್ತದೆ.
• ಕ್ಲಿಪ್‌ನ ಕಲೆ ಆಮೇಲೆ ಬಂದದ್ದು. ಬ್ರಾಕೆಟ್ ಸುತ್ತ ಅಥವಾ ವಸಡಿನ ಅಂಚಿನಲ್ಲಿ ಇರುತ್ತದೆ. ಹಲ್ಲು ಒಣಗಿಸಿ ನೋಡಿದರೆ ಹೊಳಪಿಲ್ಲದೆ, ಸುಣ್ಣದ ಹಾಗೆ ಕಾಣುತ್ತದೆ.

ಈ ವ್ಯತ್ಯಾಸ ಮುಖ್ಯ. ಮೊದಲೇ ಫ್ಲೋರೋಸಿಸ್ ಕಲೆ ಇರುವ ಹಲ್ಲಿಗೆ ಕ್ಲಿಪ್ ಹಾಕಿಸುವಾಗ ಚಿಕಿತ್ಸೆಗೆ ಮುನ್ನ ಫೋಟೊ ತೆಗೆಸಿಟ್ಟುಕೊಳ್ಳಿ. ಯಾವುದು ಹಳೆಯದು, ಯಾವುದು ಹೊಸದು ಎಂಬ ಗೊಂದಲ ಆಗ ಇರುವುದಿಲ್ಲ. ಫ್ಲೋರೋಸಿಸ್ ಜಾಸ್ತಿ ಇರುವ ಹಲ್ಲಿಗೆ ಬ್ರಾಕೆಟ್ ಅಂಟಿಸುವುದೂ ಸ್ವಲ್ಪ ಕಷ್ಟ, ಪದೇ ಪದೇ ಕಿತ್ತು ಬರಬಹುದು. ಆದ್ದರಿಂದ ವೈದ್ಯರು ಅಂಟಿಸುವ ಮುನ್ನ ಹಲ್ಲಿನ ಮೇಲ್ಮೈಯನ್ನು ಬೇರೆ ರೀತಿ ಸಿದ್ಧಪಡಿಸುತ್ತಾರೆ.

‘ನಮ್ಮ ನೀರಲ್ಲೇ ಫ್ಲೋರೈಡ್ ಇದೆಯಲ್ಲ, ಪೇಸ್ಟ್ ಬೇರೆ ಯಾಕೆ?’

ನಾಲ್ಕೂ ತಾಲ್ಲೂಕುಗಳ ನೀರು ಒಂದೇ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಬಹುಭಾಗ ಕಾವೇರಿ ಮತ್ತು ವಿಶ್ವೇಶ್ವರಯ್ಯ ನಾಲೆಯ ಬಯಲು. ಕೆ.ಆರ್. ಪೇಟೆಗೆ ಹೇಮಾವತಿ ಇದೆ, ನಾಲೆ ಮುಟ್ಟದ ಒಣಭೂಮಿಯೂ ಇದೆ. ತುಮಕೂರು ಜಿಲ್ಲೆಯ ಕುಣಿಗಲ್, ತುರುವೇಕೆರೆಗೆ ಹೊಂದಿಕೊಂಡಿರುವ ನಾಗಮಂಗಲದಲ್ಲಿ ಕೊಳವೆಬಾವಿ ನಂಬಿದ ಊರುಗಳು ಹೆಚ್ಚು. ಹೊಳೆ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಗಟ್ಟಿ ಕಲ್ಲಿನ ಆಳದಿಂದ ಬರುವ ನೀರಿನಲ್ಲಿ ಅದು ಹೆಚ್ಚಿರಬಹುದು, ಒಂದೇ ಊರಿನ ಎರಡು ಬೋರ್‌ಗಳಲ್ಲೂ ಬೇರೆ ಬೇರೆ ಇರಬಹುದು. ರುಚಿ, ಬಣ್ಣದಿಂದ ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡಿಸುವುದೊಂದೇ ದಾರಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಾ ಕಿಟ್ ಬಗ್ಗೆ ವಿಚಾರಿಸಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು.

ಈಗ ಪೇಸ್ಟ್ ವಿಷಯಕ್ಕೆ ಬರೋಣ. ಭಾರತದಲ್ಲಿ ಟೂತ್‌ಪೇಸ್ಟ್‌ನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಅಂದರೆ ಒಂದು ಗ್ರಾಂ ಪೇಸ್ಟ್‌ನಲ್ಲಿ ಹೆಚ್ಚೆಂದರೆ 1 ಮಿಲಿಗ್ರಾಂ ಫ್ಲೋರೈಡ್. ಅದರಲ್ಲಿ ಬಹುಪಾಲನ್ನು ನಾವು ಉಗಿಯುತ್ತೇವೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ 2 ಲೀಟರ್ ಕುಡಿದರೆ 6 ಮಿಲಿಗ್ರಾಂ ಹೊಟ್ಟೆಗೇ ಹೋಗುತ್ತದೆ. ಅದೇ ನೀರಿನಲ್ಲಿ ಬೇಯಿಸಿದ ಅಡುಗೆಯದು ಬೇರೆ. ಮೂಳೆ, ಕೀಲುಗಳಿಗೆ ತೊಂದರೆ ಕೊಡುವ ಫ್ಲೋರೋಸಿಸ್ ಬರುವುದು ವರ್ಷಗಟ್ಟಲೆ ಹೀಗೆ ಕುಡಿದಾಗ.

ವಯಸ್ಸೂ ಇಲ್ಲಿ ಮುಖ್ಯ. ದಂತ ಫ್ಲೋರೋಸಿಸ್ ಆಗುವುದು ಎನಾಮೆಲ್ ದವಡೆಯೊಳಗೆ ತಯಾರಾಗುತ್ತಿರುವಾಗ ಮಾತ್ರ. ಜ್ಞಾನದಂತ ಬಿಟ್ಟರೆ ಉಳಿದ ಹಲ್ಲುಗಳ ಎನಾಮೆಲ್ ಸುಮಾರು 8 ವರ್ಷದೊಳಗೆ ತಯಾರಾಗಿ ಮುಗಿದಿರುತ್ತದೆ. ಮಕ್ಕಳಿಗೆ ಕ್ಲಿಪ್ ಹಾಕಿಸುವುದು ಹೆಚ್ಚಾಗಿ 11ರಿಂದ 15 ವರ್ಷದಲ್ಲಿ. ಆ ವಯಸ್ಸಿನಲ್ಲಿ ಪೇಸ್ಟ್ ಬಳಸಿ ಉಗಿದರೆ ಮುಂದಿನ ಹಲ್ಲಿಗೆ ಹೊಸದಾಗಿ ಫ್ಲೋರೋಸಿಸ್ ಬರುವುದಿಲ್ಲ. ಬದಲಿಗೆ, ಫ್ಲೋರೈಡ್‌ಗೆ ಹೆದರಿ ಪೇಸ್ಟ್ ಬಿಟ್ಟರೆ ಬ್ರಾಕೆಟ್ ಸುತ್ತಲಿನ ಎನಾಮೆಲ್‌ಗೆ ಇರುವ ಮುಖ್ಯ ರಕ್ಷಣೆಯೇ ಹೋಗುತ್ತದೆ.

ಹಾಗಾಗಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು, ಅಡುಗೆಗೆ ನಾಲೆ ಅಥವಾ ಹೊಳೆ ಮೂಲದ ನಲ್ಲಿ ನೀರನ್ನೋ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಬಳಸಿ. ಆರ್‌ಒ ವಿಧಾನ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ, ಕುದಿಸುವುದರಿಂದ ಅದು ಹೋಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ಪೇಸ್ಟನ್ನು ಮಾತ್ರ ಬಿಡಬೇಡಿ.

ಹಲ್ಲಿನ ಮೇಲೆ ಫ್ಲೋರೈಡ್ ಏನು ಮಾಡುತ್ತದೆ?

ಫ್ಲೋರೈಡ್ ಹಲ್ಲು ಕಾಯುವುದು ಮುಖ್ಯವಾಗಿ ಹೊರಗಿನಿಂದ. ಕರಗಿದ ಖನಿಜ ಹಲ್ಲಿಗೆ ಮರಳುವಾಗ ಜೊಲ್ಲಿನಲ್ಲಿ ಸ್ವಲ್ಪ ಫ್ಲೋರೈಡ್ ಇದ್ದರೆ ಅದು ಹರಳಿನೊಳಗೆ ಸೇರಿಕೊಳ್ಳುತ್ತದೆ. ಹೀಗೆ ಆದ ಫ್ಲೋರ್‌ಅಪಟೈಟ್ ಪಿಎಚ್ ಸುಮಾರು 4.5ಕ್ಕೆ ಇಳಿಯುವವರೆಗೂ ಕರಗುವುದಿಲ್ಲ. ಹೆಚ್ಚು ಸಾಂದ್ರತೆಯ ಫ್ಲೋರೈಡ್ ಹಚ್ಚಿದಾಗ ಹಲ್ಲಿನ ಮೇಲೆ ಕ್ಯಾಲ್ಸಿಯಂ ಫ್ಲೋರೈಡ್‌ನ ಸಣ್ಣ ಕಣಗಳು ಕೂರುತ್ತವೆ. ಆಮ್ಲ ಬಂದಾಗ ಅವು ಕರಗಿ ಫ್ಲೋರೈಡ್ ಬಿಡುತ್ತವೆ.

ಕ್ಲಿಪ್ ಹಾಕಿಸಿಕೊಂಡವರಿಗೆ ಫ್ಲೋರೈಡ್ ಸಿಗುವ ದಾರಿಗಳು ಇವು:

• ಟೂತ್‌ಪೇಸ್ಟ್: 1000 ಪಿಪಿಎಂವರೆಗೆ. ದಿನಕ್ಕೆರಡು ಬಾರಿ.
• ಮೌತ್‌ವಾಶ್: 0.05 ಶೇಕಡಾ ಸೋಡಿಯಂ ಫ್ಲೋರೈಡ್ ಇರುವುದು. ವೈದ್ಯರು ಹೇಳಿದರೆ ಬ್ರಷ್ ಮಾಡದ ಬೇರೆ ಹೊತ್ತಿನಲ್ಲಿ ದಿನಕ್ಕೊಮ್ಮೆ.
• ವಾರ್ನಿಶ್: ಆಸ್ಪತ್ರೆಯಲ್ಲಿ ಹಲ್ಲಿಗೆ ಬಳಿಯುವ ಅಂಟು ದ್ರವ. ಸಾಮಾನ್ಯವಾಗಿ 5 ಶೇಕಡಾ ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಇದರಲ್ಲಿ ಮರದ ರಾಳ ಇರುವುದರಿಂದ ರಾಳದ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.
• ಫೋಮ್ ಅಥವಾ ಜೆಲ್: ಇದನ್ನೂ ವೈದ್ಯರೇ ಹಚ್ಚುತ್ತಾರೆ.

ಇವುಗಳಿಗೆ ಎಷ್ಟು ಪುರಾವೆ ಇದೆ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯುವ ಕೊಕ್ರೇನ್ ಸಂಸ್ಥೆ ಈ ಪ್ರಶ್ನೆಯನ್ನು ಹಲವು ಬಾರಿ ಪರಿಶೀಲಿಸಿದೆ. 2013ರ ವರದಿಯಲ್ಲಿ, ಆರು ವಾರಕ್ಕೊಮ್ಮೆ ಹಚ್ಚಿದ ವಾರ್ನಿಶ್‌ನಿಂದ ಕಲೆ ಸುಮಾರು 70 ಶೇಕಡಾ ಕಡಿಮೆಯಾಗುತ್ತದೆ ಎಂದಿತ್ತು. ಆದರೆ ಅದು ಒಂದೇ ಅಧ್ಯಯನದ ಫಲಿತಾಂಶ. ಇನ್ನಷ್ಟು ಅಧ್ಯಯನಗಳನ್ನು ಸೇರಿಸಿಕೊಂಡ 2019ರ ವರದಿ ಎಚ್ಚರಿಕೆಯಿಂದ ಮಾತಾಡಿದೆ. 6ರಿಂದ 8 ವಾರಕ್ಕೊಮ್ಮೆ ಹಚ್ಚುವ ಫ್ಲೋರೈಡ್ ಫೋಮ್‌ನಿಂದ, ಹಾಗೂ ಮಾಮೂಲಿ ಪೇಸ್ಟ್‌ಗಿಂತ 5000 ಪಿಪಿಎಂ ಪೇಸ್ಟ್‌ನಿಂದ ಹೆಚ್ಚು ಲಾಭ ಇರಬಹುದು, ವಾರ್ನಿಶ್ ಬಗ್ಗೆ ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ ಎಂದಿತು.

ಇದರರ್ಥ ಫ್ಲೋರೈಡ್ ಕೆಲಸ ಮಾಡುವುದಿಲ್ಲ ಎಂದಲ್ಲ. ಇಂಥ ಅಧ್ಯಯನಗಳಲ್ಲಿ ಎಲ್ಲರೂ ಮಾಮೂಲಾಗಿ ಫ್ಲೋರೈಡ್ ಪೇಸ್ಟ್ ಬಳಸುತ್ತಿರುತ್ತಾರೆ. ಅದರ ಮೇಲೆ ಇನ್ನೊಂದು ಪದರ ಸೇರಿಸಿದರೆ ಎಷ್ಟು ಹೆಚ್ಚು ಲಾಭ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಪ್ಲಾಕ್ ಹೆಚ್ಚು ನಿಲ್ಲುವ, ಹಿಂದೆ ಹುಳುಕು ಹಲ್ಲು ಆಗಿದ್ದ ಮಕ್ಕಳಿಗೆ ವೈದ್ಯರು ವಾರ್ನಿಶ್ ಸೂಚಿಸುವುದು ಸರಿಯಾದ ಕ್ರಮವೇ. ತಂತಿ ಬಿಗಿ ಮಾಡಿಸಲು ಹೇಗೂ ಹೋಗುವ ದಿನವೇ ಇದನ್ನೂ ಮಾಡಿಸಿಕೊಳ್ಳಬಹುದು.

ಲೇಸರ್ ಏನು ಮಾಡುತ್ತದೆ?

ಹಸಿ ಮಡಕೆಗೆ ನೀರು ಹಾಕಿದರೆ ಕರಗುತ್ತದೆ, ಆವಿಗೆಯಲ್ಲಿ ಸುಟ್ಟ ಮಡಕೆ ಕರಗುವುದಿಲ್ಲ. ಲೇಸರ್‌ನ ಹಿಂದಿನ ಯೋಚನೆ ಹೆಚ್ಚು ಕಡಿಮೆ ಇದೇ. ಎನಾಮೆಲ್ ಹರಳಿನಲ್ಲಿ ಕಾರ್ಬೊನೇಟ್ ಬೆರೆತಿರುತ್ತದೆ, ಆಮ್ಲಕ್ಕೆ ಬೇಗ ಸೋಲುವುದು ಈ ಭಾಗವೇ. ಲೇಸರ್ ಕಿರಣ ಕ್ಷಣಮಾತ್ರ ಬಿದ್ದಾಗ ಮೇಲ್ಮೈಯ ತೀರಾ ತೆಳು ಪದರ ನೂರಾರು ಡಿಗ್ರಿ ಬಿಸಿಯಾಗಿ ಕಾರ್ಬೊನೇಟ್ ಹಾಗೂ ನೀರಿನ ಅಂಶ ಹೊರಟುಹೋಗುತ್ತದೆ. ಉಳಿದ ಖನಿಜ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಜೊತೆಗೆ ಫ್ಲೋರೈಡ್ ಹಚ್ಚಿದರೆ ಅದೂ ಹೆಚ್ಚು ಹಿಡಿದುಕೊಳ್ಳುತ್ತದೆ. ಲೇಸರ್ ಮತ್ತು ಫ್ಲೋರೈಡನ್ನು ಒಟ್ಟಿಗೆ ಬಳಸಲು ಇದೇ ಕಾರಣ.

ಈ ಯೋಚನೆ ಹೊಸದಲ್ಲ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಅದೇ ದಶಕದಲ್ಲಿ ಅಮೆರಿಕದ ಸ್ಟರ್ನ್ ಮತ್ತು ಸೋಗ್ನೆಸ್ ಎಂಬ ಸಂಶೋಧಕರು ರೂಬಿ ಲೇಸರ್ ಬಿದ್ದ ಎನಾಮೆಲ್ ಆಮ್ಲಕ್ಕೆ ಕಡಿಮೆ ಕರಗುತ್ತದೆ ಎಂದು ತೋರಿಸಿದ್ದರು. ಮುಂದೆ ಕಾರ್ಬನ್ ಡೈಆಕ್ಸೈಡ್, ಎರ್ಬಿಯಂ, ಆರ್ಗಾನ್, ಡಯೋಡ್ ಹೀಗೆ ಬಗೆಬಗೆಯ ಲೇಸರ್‌ಗಳನ್ನು ಪರೀಕ್ಷಿಸಲಾಯಿತು. ಇವೆಲ್ಲ ಒಂದೇ ಅಲ್ಲ. 9.3 ಮತ್ತು 9.6 ಮೈಕ್ರೋಮೀಟರ್ ತರಂಗದೂರದ ಕಾರ್ಬನ್ ಡೈಆಕ್ಸೈಡ್ ಲೇಸರ್ ಅನ್ನು ಎನಾಮೆಲ್ ಖನಿಜ ಬಹಳ ಚೆನ್ನಾಗಿ ಹೀರಿಕೊಳ್ಳುತ್ತದೆ. ಡಯೋಡ್ ಲೇಸರ್‌ನ ಬೆಳಕನ್ನು ಎನಾಮೆಲ್ ಅಷ್ಟಾಗಿ ಹೀರುವುದಿಲ್ಲ. ಒಂದು ಲೇಸರ್‌ನ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವುದು ಸರಿಯಲ್ಲ.

ಕ್ಲಿಪ್ ಹಾಕಿದ ರೋಗಿಗಳ ಮೇಲಿನ ಗಮನಾರ್ಹ ಅಧ್ಯಯನ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 2011ರಲ್ಲಿ ಬಂತು. ಚಿಕಿತ್ಸೆಗಾಗಿ ಹೇಗೂ ಕೀಳಿಸಬೇಕಿದ್ದ ಹಲ್ಲುಗಳಿಗೆ ಬ್ರಾಕೆಟ್ ಅಂಟಿಸಿ, ಅದರ ಪಕ್ಕ 9.6 ಮೈಕ್ರೋಮೀಟರ್ ಲೇಸರ್ ಹಾಯಿಸಿದರು. 12 ವಾರದ ನಂತರ ಹಲ್ಲು ಕಿತ್ತು ಅಳೆದಾಗ ಲೇಸರ್ ಬಿದ್ದ ಕಡೆ ಖನಿಜ ನಷ್ಟ 87 ಶೇಕಡಾ ಕಡಿಮೆ ಇತ್ತು. ಫಲಿತಾಂಶ ದೊಡ್ಡದು, ನಿಜ. ಆದರೆ ಅದರಲ್ಲಿದ್ದವರು 24 ಜನ, ಅವಧಿ 12 ವಾರ. ಕ್ಲಿಪ್ ಇರುವುದು ಒಂದೂವರೆ, ಎರಡು ವರ್ಷ.

ಉಳಿದ ಪುರಾವೆಯಲ್ಲಿ ಹೆಚ್ಚಿನದು ಕಿತ್ತ ಹಲ್ಲುಗಳನ್ನು ಪ್ರಯೋಗಾಲಯದಲ್ಲಿ ಆಮ್ಲದಲ್ಲಿಟ್ಟು ನೋಡಿದ್ದು. ಅಲ್ಲಿ ಲೇಸರ್ ಮತ್ತು ಫ್ಲೋರೈಡ್ ಜೋಡಿ ಹಲವು ಬಾರಿ ಗೆದ್ದಿದೆ, ಕೆಲವು ಬಾರಿ ಫ್ಲೋರೈಡ್ ಒಂದಕ್ಕಿಂತ ಹೆಚ್ಚೇನೂ ಮಾಡಿಲ್ಲ. ಲೇಸರ್ ಬಗೆ, ಶಕ್ತಿ, ಸಮಯ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಬೀಕರ್‌ನಲ್ಲಿಟ್ಟ ಹಲ್ಲು ರಾತ್ರಿ ಬ್ರಷ್ ಮಾಡದೆ ಮಲಗುವುದಿಲ್ಲ, ಬೆಲ್ಲವನ್ನೂ ತಿನ್ನುವುದಿಲ್ಲ.

ಅಪಾಯವೂ ಇದೆ. ಶಕ್ತಿ ಹೆಚ್ಚಾದರೆ ಎನಾಮೆಲ್ ಬಿರುಕು ಬಿಡಬಹುದು, ಬಿಸಿ ಹಲ್ಲಿನೊಳಗಿನ ಜೀವಂತ ಭಾಗಕ್ಕೆ ತಲುಪಬಹುದು. ಒಳಗಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಹಾನಿ ಆಗಬಹುದು ಎಂದು 1965ರಲ್ಲಿ ಕೋತಿಗಳ ಮೇಲೆ ನಡೆದ ಅಧ್ಯಯನ ತೋರಿಸಿತ್ತು. ಆ ಮಿತಿಯನ್ನು ಇಂದಿಗೂ ಪಾಲಿಸುತ್ತಾರೆ. ಆದ್ದರಿಂದ ತರಬೇತಿ ಪಡೆದ ದಂತವೈದ್ಯರೇ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಸಿ ಇದನ್ನು ಮಾಡಬೇಕು.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಸಕ್ಕರೆ ಕೆಟ್ಟದ್ದು, ಬೆಲ್ಲ ಹಲ್ಲಿಗೆ ಏನೂ ಮಾಡುವುದಿಲ್ಲ.
ವಾಸ್ತವ: ಬೆಲ್ಲದಲ್ಲೂ ಬಹುಪಾಲು ಇರುವುದು ಸುಕ್ರೋಸ್, ಅಂದರೆ ಸಕ್ಕರೆಯೇ. ಮೇಲಾಗಿ ಬೆಲ್ಲ ಅಂಟು, ಬ್ರಾಕೆಟ್ ಸಂದಿಯಲ್ಲಿ ಕೂರುತ್ತದೆ. ಆಲೆಮನೆಯ ಬಿಸಿ ಬೆಲ್ಲ, ಸಂಕ್ರಾಂತಿಯ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಯಾವುದನ್ನೂ ಪೂರ್ತಿ ಬಿಡಬೇಕಿಲ್ಲ. ಊಟದ ಜೊತೆ ಒಂದೇ ಸಲ ತಿಂದು ಬಾಯಿ ಮುಕ್ಕಳಿಸಿ. ದಿನವಿಡೀ ಜೇಬಿನಿಂದ ತೆಗೆದು ತಿನ್ನುವುದು ಹಲ್ಲಿಗೆ ಹೆಚ್ಚು ಕೆಡುಕು.

ನಂಬಿಕೆ: ಕಬ್ಬು ಜಗಿದರೆ ಹಲ್ಲು ತಾನೇ ಸ್ವಚ್ಛವಾಗುತ್ತದೆ.
ವಾಸ್ತವ: ಕ್ಲಿಪ್ ಇರುವಾಗ ಜಲ್ಲೆ ಸಿಗಿದರೆ ಬ್ರಾಕೆಟ್ ಕಿತ್ತು ಬರುತ್ತದೆ, ನಾರು ತಂತಿಗೆ ಸುತ್ತಿಕೊಳ್ಳುತ್ತದೆ, ಸಿಹಿ ಹಾಲು ಸಂದಿಯಲ್ಲಿ ನಿಲ್ಲುತ್ತದೆ. ಒಣಕೊಬ್ಬರಿ, ಗಟ್ಟಿ ಚಕ್ಕುಲಿ, ನಿಪ್ಪಟ್ಟನ್ನು ಮುಂದಿನ ಹಲ್ಲಿನಿಂದ ಕಚ್ಚಬಾರದು. ಮುದ್ದೆ ಊಟಕ್ಕೆ ಅಡ್ಡಿಯಿಲ್ಲ.

ನಂಬಿಕೆ: ಇದ್ದಿಲು, ಬೂದಿ, ಉಪ್ಪಿನಿಂದ ಉಜ್ಜಿದರೆ ಕಲೆ ಹೋಗುತ್ತದೆ.
ವಾಸ್ತವ: ಕಲೆ ಮೇಲೆ ಮೆತ್ತಿದ ಕೊಳೆಯಲ್ಲ, ಒಳಗಿನ ಖನಿಜ ನಷ್ಟ. ಒರಟು ಪುಡಿ ದುರ್ಬಲ ಎನಾಮೆಲ್ ಅನ್ನು ಇನ್ನಷ್ಟು ಸವೆಸುತ್ತದೆ.

ನಂಬಿಕೆ: ಒಮ್ಮೆ ಲೇಸರ್ ಮಾಡಿಸಿದರೆ ಚಿಂತೆಯಿಲ್ಲ.
ವಾಸ್ತವ: ಲೇಸರ್ ಪ್ಲಾಕ್ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ವಸಡು ಊದುವುದನ್ನೂ ತಡೆಯುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

1. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟ್‌ನಿಂದ ಉಜ್ಜಿ. ರಾತ್ರಿಯದನ್ನು ತಪ್ಪಿಸಲೇಬೇಡಿ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಪೇಸ್ಟ್ ಕೊಳ್ಳುವಾಗ ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ ನೋಡಿ. ‘ಹರ್ಬಲ್’ ಎಂದಿರುವ ಕೆಲವು ಪೇಸ್ಟ್‌ಗಳಲ್ಲಿ ಅದು ಇರುವುದೇ ಇಲ್ಲ.
2. ತಂತಿಯ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಬ್ರಷ್ ಓರೆಯಾಗಿ ಹಿಡಿದು ಉಜ್ಜಿ. ಬ್ರಾಕೆಟ್ ಮತ್ತು ವಸಡಿನ ನಡುವಿನ ಪಟ್ಟಿ ಮರೆಯಬೇಡಿ. ಸಂದಿಗೆ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬಳಸಿ.
3. ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ತುಂಬಿಕೊಂಡು ಮತ್ತೆ ಮತ್ತೆ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿದ ಫ್ಲೋರೈಡ್ ತೊಳೆದುಹೋಗುತ್ತದೆ.
4. ಶಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಬರೀ ನೀರಿನಲ್ಲಾದರೂ ಬಾಯಿ ಚೆನ್ನಾಗಿ ಮುಕ್ಕಳಿಸಬೇಕು.
5. ಬ್ರಾಕೆಟ್ ಸಡಿಲವಾದರೆ ಮುಂದಿನ ತಿಂಗಳವರೆಗೆ ಕಾಯದೆ ಫೋನ್ ಮಾಡಿ. ಸಡಿಲ ಬ್ರಾಕೆಟ್ ಕೆಳಗೆ ಪ್ಲಾಕ್ ನುಗ್ಗಿದರೆ ಅಲ್ಲಿಗೆ ಯಾವ ಬ್ರಷ್ ಕೂಡ ತಲುಪುವುದಿಲ್ಲ.

ವೈದ್ಯರನ್ನು ಏನು ಕೇಳಬೇಕು?

ಶ್ರೀರಂಗಪಟ್ಟಣದವರಿಗೆ ಮೈಸೂರಿನ ದಂತ ವೈದ್ಯಕೀಯ ಕಾಲೇಜುಗಳು ಹತ್ತಿರ. ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಿಂದ ಪ್ರತಿ ತಿಂಗಳ ಭೇಟಿ ಎಂದರೆ ಒಂದು ದಿನದ ಕೂಲಿ, ಶಾಲೆ ಎರಡೂ ಹೋಗುತ್ತವೆ. ಹಾಗಾಗಿ ಹೋದ ಒಂದೊಂದು ಭೇಟಿಯನ್ನೂ ಪೂರ್ತಿ ಬಳಸಿಕೊಳ್ಳಿ. ಕ್ಲಿಪ್ ಹಾಕಿಸುವ ಮುನ್ನವೇ ಇವನ್ನು ಕೇಳಿ:

• ನಮ್ಮ ಮಗುವಿಗೆ ಕಲೆ ಆಗುವ ಸಾಧ್ಯತೆ ಹೆಚ್ಚೇ? ಈಗಲೇ ಹುಳುಕು ಇದೆಯೇ?
• ವಾರ್ನಿಶ್ ಅಥವಾ ಫೋಮ್ ಬೇಕೇ, ಎಷ್ಟು ವಾರಕ್ಕೊಮ್ಮೆ? ತಂತಿ ಬಿಗಿ ಮಾಡುವ ದಿನವೇ ಹಚ್ಚುತ್ತೀರಾ?
• ಲೇಸರ್ ಎಂದರೆ ಯಾವ ಬಗೆಯದು? ಅದು ಎನಾಮೆಲ್ ರಕ್ಷಣೆಗೋ, ವಸಡಿನ ಕೆಲಸಕ್ಕೋ? ಮಾಡಿಸದಿದ್ದರೆ ಏನಾಗುತ್ತದೆ?

ಕೊನೆಯ ಪ್ರಶ್ನೆಗೆ ‘ಚೆನ್ನಾಗಿ ಉಜ್ಜಿ, ಫ್ಲೋರೈಡ್ ಹಚ್ಚಿಸಿದರೆ ಸಾಕು’ ಎಂಬ ಉತ್ತರ ಬಂದರೆ ಲೇಸರ್ ಇಲ್ಲದ್ದಕ್ಕೆ ಕೊರಗಬೇಕಿಲ್ಲ. ಅದಕ್ಕೆಂದೇ ದೂರದ ಊರಿಗೆ ಅಲೆಯಬೇಕಿಲ್ಲ.

ಕಲೆ ಆಗಿಬಿಟ್ಟಿದ್ದರೆ?

ಕ್ಲಿಪ್ ತೆಗೆದ ಮೊದಲ ಕೆಲವು ತಿಂಗಳಲ್ಲಿ ಜೊಲ್ಲು ಮತ್ತು ಮಾಮೂಲಿ ಫ್ಲೋರೈಡ್ ಪೇಸ್ಟ್‌ನಿಂದಲೇ ಕಲೆ ಸ್ವಲ್ಪ ಮಾಸುತ್ತದೆ. ಬೇಗ ಹೋಗಲಿ ಎಂದು ಮುಂದಿನ ಹಲ್ಲಿನ ಕಲೆಗೆ ತಕ್ಷಣ ಗಾಢ ಫ್ಲೋರೈಡ್ ಹಚ್ಚಿಸುವುದು ಬೇಡ ಎನ್ನುವ ತಜ್ಞರು ಅನೇಕರು. ಮೇಲ್ಪದರ ಬೇಗ ಮುಚ್ಚಿಕೊಂಡರೆ ಒಳಗಿನ ಕಲೆ ಹಾಗೇ ಉಳಿಯಬಹುದು. ಆಮೇಲೂ ಉಳಿದದ್ದಕ್ಕೆ ರೆಸಿನ್ ತುಂಬುವಂಥ ಚಿಕಿತ್ಸೆಗಳಿವೆ. ಕಲೆ ಒರಟಾಗಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಗುಳಿ ಬಿದ್ದಿದ್ದರೆ ತಡಮಾಡದೆ ತೋರಿಸಿ.

ಕ್ಲಿಪ್ ಹಲ್ಲನ್ನು ನೇರ ಮಾಡುತ್ತದೆ, ಕಾಯುವುದಿಲ್ಲ. ಕಾಯುವ ಕೆಲಸದಲ್ಲಿ ಹೆಚ್ಚಿನದು ಮನೆಯಲ್ಲಿ, ದಿನಕ್ಕೆರಡು ಹೊತ್ತು ಬ್ರಷ್ ಹಿಡಿದ ಕೆಲವು ನಿಮಿಷಗಳಲ್ಲಿ ನಡೆಯುತ್ತದೆ. ವಾರ್ನಿಶ್ ಅದಕ್ಕೆ ಬಲ ಕೊಡಬಹುದು. ಲೇಸರ್ ಮುಂದೊಂದು ದಿನ ಇನ್ನಷ್ಟು ಬಲ ಕೊಡಬಹುದು. ಸದ್ಯಕ್ಕೆ ಮನೆಯ ದುಡ್ಡು, ಸಮಯ ಮೊದಲು ಹೋಗಬೇಕಾದ್ದು ಫ್ಲೋರೈಡ್ ಪೇಸ್ಟ್, ಒಳ್ಳೆಯ ಬ್ರಷ್, ತಪ್ಪದ ಭೇಟಿ ಮತ್ತು ಕುಡಿಯುವ ನೀರಿನ ಪರೀಕ್ಷೆಗೆ.